ಒಂದು ದಿನಕ್ಕೆ ಕಾರು ಮಾಡಿಕೊಂಡು ಉಡುಪಿ, ಮಲ್ಪೆ, ಪಡುಕೆರೆ: ಹಿರಿಯರನ್ನು ಕರೆದುಕೊಂಡು ಹೇಗೆ ಹೋಗೋದು?

ಹಾವೇರಿಯಿಂದ ಮಣಿಪಾಲಕ್ಕೆ

ಎಲ್ಲರಿಗೂ ನಮಸ್ಕಾರ. ನಾನು ಮಣಿಪಾಲದಲ್ಲಿ ಕೆಲಸಕ್ಕಿದ್ದೀನಿ, ಊರು ಹಾವೇರಿ ಜಿಲ್ಲೆ. ಡಿಸೆಂಬರ್ ಎರಡನೇ ವಾರ ಅಪ್ಪ, ಅವ್ವ, ಅತ್ತೆ ಮೂವರೂ ಬರ್ತಿದ್ದಾರೆ. ಅತ್ತೆ ಇದುವರೆಗೂ ಸಮುದ್ರಾನೇ ನೋಡಿಲ್ಲ. ಅವ್ವನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತೋದು ಕಷ್ಟ. ನನ್ನ ಹತ್ತಿರ ಇರೋದು ಬೈಕ್ ಮಾತ್ರ. ಅದಕ್ಕೇ ಒಂದು ದಿನ ಪೂರ್ತಿ ನಮಗೇ ಅಂತ ಕಾರು ಮಾಡೋಣ ಅಂದುಕೊಂಡೆ.

ಒಬ್ಬರು ಏಜೆಂಟ್ ಪಟ್ಟಿ ಕಳಿಸಿದ್ದಾರೆ: ಕೃಷ್ಣ ಮಠ, ಸೇಂಟ್ ಮೇರೀಸ್ ದ್ವೀಪ, ಮಲ್ಪೆ ಬೀಚ್, ಕೆಮ್ಮಣ್ಣು ತೂಗುಸೇತುವೆ, ಕೋಡಿ ಬೆಂಗ್ರೆ, ಮರವಂತೆ, ಕಾಪು ಲೈಟ್‌ಹೌಸ್, ಮಣಿಪಾಲ ಎಂಡ್ ಪಾಯಿಂಟ್. ಎಲ್ಲ ಒಂದೇ ದಿನದಲ್ಲಿ. ಇದು ಆಗುತ್ತಾ? ನಿಮ್ಮ ಮನೆಯವರನ್ನೇ ಕರೆದುಕೊಂಡು ಹೋಗೋದಾದರೆ ಏನು ಮಾಡ್ತಿದ್ರಿ, ಹೇಳಿ.

ಬ್ರಹ್ಮಾವರದವ

ಆಗ್ತದೆ. ಬೆಳಿಗ್ಗೆ 6 ಗಂಟೆಗೆ ಬಿಡಿ. ಮೊದಲು ಸೀದಾ ಮರವಂತೆಗೆ ಹೋಗಿ, ಹೆದ್ದಾರಿ 66 ಚತುಷ್ಪಥ ಆದ ಮೇಲೆ ಬೇಗ ಮುಟ್ಟಬಹುದು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಸ್ತೆ. ಅದನ್ನು ನೋಡದೆ ಈ ಜಿಲ್ಲೆ ನೋಡಿದೆ ಅಂತ ಹೇಳ್ಳಿಕ್ಕೆ ಆಗುದಿಲ್ಲ. ಅಲ್ಲಿಂದ ಕೆಳಗೆ ಬರ್ತಾ ಬರ್ತಾ ಒಂದೊಂದೇ ಮುಗಿಸಿ. ನಮ್ಮ ಮನೆಗೆ ನೆಂಟರು ಬಂದಾಗ ನಾವು ಹೀಗೇ ಮಾಡುದು.

ಕಡಲ ಬದಿ ಡ್ರೈವರ್

ನಾನು ಉಡುಪಿಯಲ್ಲಿ ಟೂರಿಸ್ಟ್ ಕಾರು ಓಡಿಸುವವ. ಬ್ರಹ್ಮಾವರದ ಅಣ್ಣ ಹೇಳಿದ್ದು ಹುಡುಗರಿಗೆ ಸರಿ. ಮೊಣಕಾಲು ನೋವಿನ ಅಮ್ಮನಿಗೆ, ಮೊದಲ ಸಲ ಸಮುದ್ರ ನೋಡುವ ಅತ್ತೆಗೆ ಈ ಪಟ್ಟಿ ಬೇಡವೇ ಬೇಡ. ಉಡುಪಿಯಿಂದ ಮರವಂತೆ ಉತ್ತರಕ್ಕೆ 50 ಕಿಲೋಮೀಟರ್ ಮೇಲೆ. ಕಾಪು ದಕ್ಷಿಣಕ್ಕೆ ಹತ್ತಿರ ಹತ್ತಿರ 13. ಮಣಿಪಾಲ ಪೂರ್ವಕ್ಕೆ, ಗುಡ್ಡದ ಮೇಲೆ. ಇಡೀ ದಿನ ಹೆದ್ದಾರಿಯ ಡಿವೈಡರ್ ನೋಡಿಕೊಂಡು ಕೂತ ಹಾಗೆ ಆಗ್ತದೆ. ಕಾರಿನಿಂದ ಇಳಿ, ಫೋಟೋ ತೆಗಿ, ಹತ್ತು. ಸಂಜೆಗೆ ಹಿರಿಯರು ಸೀಟಿಗೆ ಒರಗಿ ಮಲಗಿರ್ತಾರೆ, ಒಳ್ಳೆಯ ಹೊತ್ತಿನಲ್ಲೇ ಕಣ್ಣು ಮುಚ್ಚಿರ್ತದೆ. ಇದನ್ನು ಕನ್ನಡಿಯಲ್ಲಿ ನೋಡಿ ನೋಡಿ ನನಗೆ ಬೇಜಾರಾಗಿದೆ.

ನಮ್ಮ ಕರಾವಳಿಯಲ್ಲಿ ಎರಡು ಪಾಯಿಂಟುಗಳ ನಡುವಿನ ದಾರಿಯೇ ನೋಡುವಂಥದ್ದು. ಘಟ್ಟದಿಂದ ಇಳಿದ ಹೊಳೆಗಳು ಸಮುದ್ರಕ್ಕೆ ಸೀದಾ ಹೋಗಿ ಬೀಳುದಿಲ್ಲ. ಅಲೆ ತಂದು ಹಾಕಿದ ಮರಳಿನ ದಿಣ್ಣೆ ಅಡ್ಡ ಬರ್ತದೆ. ಹೊಳೆ ತಿರುಗಿ, ದಡಕ್ಕೆ ಸಮಾನಾಂತರವಾಗಿ ಎಷ್ಟೋ ದೂರ ಹರಿದು, ಎಲ್ಲಿ ಬಾಯಿ ಸಿಕ್ತದೋ ಅಲ್ಲಿ ಸೇರ್ತದೆ. ಆ ಮರಳ ಪಟ್ಟಿಯ ಮೇಲೆ ತೆಂಗು, ಮನೆ, ಭಜನಾ ಮಂದಿರ, ಒಂದು ಸಣ್ಣ ರಸ್ತೆ. ಮೂರು ಕಡೆ ನೀರು. ಮಲ್ಪೆಯಿಂದ ದಕ್ಷಿಣಕ್ಕೆ ಸೇತುವೆ ದಾಟಿದರೆ ಪಡುಕೆರೆ, ಹಿಂದೆ ಉದ್ಯಾವರ ಹೊಳೆ. ಉತ್ತರಕ್ಕೆ ಹೂಡೆ ದಾಟಿದರೆ ಕೋಡಿ ಬೆಂಗ್ರೆ, ಅಲ್ಲಿ ಸ್ವರ್ಣಾ ಮತ್ತು ಸೀತಾ ನದಿ ಕೂಡಿ ಸಮುದ್ರ ಸೇರುದು. ಮರವಂತೆಯಲ್ಲಿ ಕಾಣುವಂಥದ್ದೇ ಇಲ್ಲೂ ಉಂಟು. ವ್ಯತ್ಯಾಸ ಏನೆಂದರೆ ಅಲ್ಲಿ ಲಾರಿಗಳ ನಡುವೆ ನಿಲ್ಲಬೇಕು, ಇಲ್ಲಿ ಕಾರು ನಿಲ್ಲಿಸಿ ಯಾರದಾದರೂ ಜೊತೆ ಮಾತಾಡಬಹುದು.

ಸ್ವಂತಕ್ಕೆ ಕಾರು ಮಾಡುದು ಇದಕ್ಕೇ. ಬಸ್ಸಿನವರ ಹಾಗೆ ಪಾಯಿಂಟು ಮುಗಿಸ್ಲಿಕ್ಕೆ ಆದರೆ ಇಷ್ಟು ದುಡ್ಡು ಯಾಕೆ ಕೊಡಬೇಕು? ನೀವು ಕೊಳ್ಳುವುದು ಹೊತ್ತನ್ನು.

ಹಾವೇರಿಯಿಂದ ಮಣಿಪಾಲಕ್ಕೆ

ಅಣ್ಣಾ, ತುಂಬಾ ಥ್ಯಾಂಕ್ಸ್. ಪಡುಕೆರೆ, ಕೋಡಿ ಬೆಂಗ್ರೆ ಎರಡೂ ಒಂದೇ ದಿನ ಆಗುತ್ತಾ? ಮತ್ತೆ ಬಾಡಿಗೆ ಮಾತಾಡೋದು ಹೇಗೆ? ನನಗೆ ಆ ಲೆಕ್ಕ ಒಂದೂ ಗೊತ್ತಿಲ್ಲ.

ಕಡಲ ಬದಿ ಡ್ರೈವರ್

ಎರಡೂ ಆಗ್ತದೆ, ಮಲ್ಪೆ ನಡುವೆ ಇರುದರಿಂದ. ಬೆಳಿಗ್ಗೆ ಉತ್ತರ, ಸಂಜೆ ದಕ್ಷಿಣ. ಆದರೆ ದ್ವೀಪವನ್ನೂ ಸೇರಿಸಿದರೆ ಆಗುದಿಲ್ಲ. ಯಾವುದಾದರೊಂದು ಬಿಡಬೇಕು.

ಬಾಡಿಗೆ ಎರಡು ಥರ. ಕಿಲೋಮೀಟರ್ ಲೆಕ್ಕ ಒಂದು, ಇಷ್ಟು ಗಂಟೆ ಇಷ್ಟು ಕಿಲೋಮೀಟರ್ ಅಂತ ದಿನದ ಪ್ಯಾಕೇಜ್ ಇನ್ನೊಂದು. ನಿಮ್ಮಂಥವರಿಗೆ ಎರಡನೆಯದ್ದು ಒಳ್ಳೆಯದು, ಯಾಕೆಂದರೆ ನೀವು ಓಡುದು ಕಡಿಮೆ, ನಿಲ್ಲುದು ಜಾಸ್ತಿ. ಗಂಟೆ ಮೀರಿದರೆ ಎಷ್ಟು, ಡ್ರೈವರ್ ಬಾಟಾ (ದಿನದ ಭತ್ಯೆ) ಸೇರಿದೆಯಾ, ಪಾರ್ಕಿಂಗು ಯಾರದ್ದು, ಇಷ್ಟನ್ನು ಹಿಂದಿನ ದಿನವೇ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಮಾತಿನಲ್ಲಿ ಆದದ್ದು ಸಂಜೆ ಇಬ್ಬರಿಗೂ ಬೇರೆ ಬೇರೆ ನೆನಪಿರ್ತದೆ. ಮತ್ತೊಂದು, ಯಾವ ರಸ್ತೆಯಲ್ಲಿ ಹೋಗಬೇಕು ಅಂತಲೂ ಮೊದಲೇ ಹೇಳಿ. ಪಡುಕೆರೆ ರಸ್ತೆ ಸಣ್ಣದು, ಎದುರು ಬಸ್ಸು ಬಂದರೆ ಹಿಂದೆ ಹೋಗಬೇಕಾಗ್ತದೆ. ಕೆಲವರು ಬರುದಿಲ್ಲ ಅಂತಾರೆ. ಅಂಥವರನ್ನು ಬಲವಂತ ಮಾಡಬೇಡಿ, ಬೇರೆಯವರನ್ನು ನೋಡಿ.

ಕುಡ್ಲದ ಅಕ್ಕ

ಒಂದು ಮಾತು ಸೇರಿಸ್ತೇನೆ. ಹಳದಿ ಬೋರ್ಡಿನ ಕಾರನ್ನೇ ಮಾಡಿ. ಪರಿಚಯದವರ ಬಿಳಿ ಬೋರ್ಡ್ ಕಾರು ಸ್ವಲ್ಪ ಕಡಿಮೆಗೆ ಸಿಗ್ತದೆ ಅಂತ ಹೋಗಬೇಡಿ. ಖಾಸಗಿ ಕಾರನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ದಾರಿಯಲ್ಲಿ ಏನಾದರೂ ಆದರೆ, ಬಾಡಿಗೆಗೆ ಓಡಿಸಿದ್ದು ಅಂತ ವಿಮೆಯವರು ಕ್ಲೇಮು ತಿರಸ್ಕರಿಸಬಹುದು. ನಮ್ಮ ಸಂಬಂಧಿಕರೊಬ್ಬರಿಗೆ ಹೀಗೇ ಆಗಿ, ಆಸ್ಪತ್ರೆ ಖರ್ಚಿನ ಜೊತೆ ಅಲೆದಾಟವೂ ಆಯಿತು. ವಯಸ್ಸಾದವರನ್ನು ಕೂರಿಸಿಕೊಂಡು ಹೋಗುವಾಗ ಇದು ಸಣ್ಣ ವಿಷಯ ಅಲ್ಲ.

ಭೂಗೋಳದ ಮೇಷ್ಟ್ರು

ದ್ವೀಪ ಬಿಡಿ ಎಂದು ಹೇಳುವುದನ್ನು ಕೇಳಿ ಸಂಕಟವಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮನವರಿಗೆ ಕಷ್ಟ ನಿಜ. ದೋಣಿಗೆ ಹತ್ತುವಾಗ, ಇಳಿಯುವಾಗ ಅಲೆಗೆ ದೋಣಿ ಏರಿಳಿಯುತ್ತದೆ, ದ್ವೀಪದಲ್ಲೂ ಬಂಡೆಗಳ ಮೇಲೆಯೇ ನಡೆಯಬೇಕು. ಆದರೆ ತಂದೆಯವರಿಗೆ ಕಾಲು ಗಟ್ಟಿ ಇದ್ದರೆ ಅವರನ್ನಾದರೂ ಕರೆದುಕೊಂಡು ಹೋಗಿ.

ಅಲ್ಲಿಗೆ ಹೋದವರು ಚಿಪ್ಪು ಹೆಕ್ಕಿ, ಫೋಟೋ ತೆಗೆದು ವಾಪಸಾಗುತ್ತಾರೆ. ಕಾಲ ಕೆಳಗೆ ಇರುವುದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾ ಅದು. ಗದ್ದೆಯ ಕೆಸರು ಬಿಸಿಲಿಗೆ ಒಣಗಿ ಬಿರಿಯುವಂತೆ, ಲಾವಾ ತಣಿದು ಕುಗ್ಗುವಾಗ ಬಿರುಕು ಬಿಟ್ಟಿದೆ. ಬಿರುಕು ಮೇಲಿನಿಂದ ಕೆಳಗಿನವರೆಗೂ ಇಳಿದದ್ದರಿಂದ ಕಂಬಗಳಾಗಿವೆ. ಒಂದು ಕಂಬದ ತಲೆಯ ಮೇಲೆ ಕೈಯಿಟ್ಟು ಅಂಚು ಸವರಿ ಎಣಿಸಿ. ಕೆಲವಕ್ಕೆ ಆರು ಮುಖ, ಪಕ್ಕದ್ದಕ್ಕೆ ಐದು, ಇನ್ನೊಂದಕ್ಕೆ ಏಳು. ಯಾರೋ ಉಳಿ ಹಿಡಿದು ಕಡೆದು ಜೋಡಿಸಿದರೇನೋ ಎನ್ನುವಷ್ಟು ಬಿಗಿ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟು ಈ ಹೆಸರಿಟ್ಟ ಎಂಬ ಪ್ರತೀತಿ ಇದೆ. ಆದರೆ ಆ ಬಂಡೆಗಳ ಮುಂದೆ 1498 ನಿನ್ನೆಯಷ್ಟೇ.

ಮಲ್ಪೆಯಿಂದ ದೋಣಿ. ಮಳೆಗಾಲದಲ್ಲಿ ಬಂದ್, ಡಿಸೆಂಬರಿನಲ್ಲಿ ಸಮುದ್ರ ಶಾಂತ. ರಜೆ ದಿನವಾದರೆ ಮೊದಲ ದೋಣಿಗಳಲ್ಲೇ ಹೋಗಿ. ಹತ್ತು ಗಂಟೆಯ ಮೇಲೆ ಆ ಕರಿಕಲ್ಲು ಕಾದು ನಿಲ್ಲಲಾಗುವುದಿಲ್ಲ. ನೆರಳಿಗೆ ತೆಂಗಿನ ಮರ ಬಿಟ್ಟರೆ ಬೇರೇನಿಲ್ಲ.

ಕಡಲ ಬದಿ ಡ್ರೈವರ್

ಮೇಷ್ಟ್ರೇ, ನೀವು ಹೇಳಿದ ಮೇಲೆ ಬಿಡಿ ಅನ್ಲಿಕ್ಕೆ ನನಗೂ ಮನಸ್ಸು ಬರುದಿಲ್ಲ. ಹಾಗಾದರೆ ಹೀಗೆ ಮಾಡಬಹುದು: ಅಪ್ಪನೂ ಮಗನೂ ದೋಣಿ ಹತ್ತಲಿ. ಅಮ್ಮ ಮತ್ತು ಅತ್ತೆಯನ್ನು ನಾವು ಮಲ್ಪೆಯ ಸೀ ವಾಕ್‌ನಲ್ಲಿ ಕೂರಿಸ್ತೇವೆ. ಅಲ್ಲಿಂದ ಬಂದರಿಗೆ ಬರುವ ಬೋಟುಗಳು ಹತ್ತಿರದಲ್ಲೇ ದಾಟಿ ಹೋಗ್ತವೆ, ಮೆಟ್ಟಿಲ ಕಾಟ ಇಲ್ಲ. ಆಗ ಕೋಡಿ ಬೆಂಗ್ರೆ ಬಿಡಬೇಕು. ಪಡುಕೆರೆ, ಮಟ್ಟು, ಕಾಪು ಸಂಜೆಗೆ ಇಟ್ಟುಕೊಳ್ಳಿ.

ಪಡುಕೆರೆ ಮನೆ

ಇಷ್ಟು ಹೊತ್ತು ಓದ್ತಾ ಇದ್ದೆ. ನಮ್ಮ ಊರಿನ ಹೆಸರು ಇಷ್ಟು ಸಲ ಬಂತಲ್ಲ, ಹಾಗಾಗಿ ನಮ್ಮದೂ ಎರಡು ಮಾತು.

ಬನ್ನಿ, ಖಂಡಿತ ಬನ್ನಿ. ನಮಗೆ ಎದುರು ಸಮುದ್ರ, ಹಿಂದೆ ಹೊಳೆ, ನಡುವೆ ನಾವು. ನೀವು ನೋಡುವ ರಸ್ತೆ ನಮ್ಮ ಮಕ್ಕಳು ಸೈಕಲ್ ಕಲಿಯುವ ಅಂಗಳ. ಮೊದಲು ಇಲ್ಲಿಗೆ ಬರುವವರು ಕಡಿಮೆ ಇದ್ದರು. ಈಗ ವಾರದ ಕೊನೆಗೆ ಕಾರುಗಳ ಸಾಲು. ಗೇಟಿನ ಎದುರು ನಿಲ್ಲಿಸಿ ನೀರಿಗೆ ಇಳೀತಾರೆ. ಕಳೆದ ವರ್ಷ ಉಸಿರು ಕಟ್ಟಿದ ಅಜ್ಜಿಯನ್ನು ಆಸ್ಪತ್ರೆಗೆ ಕೊಂಡು ಹೋಗ್ಲಿಕ್ಕೆ ಆಂಬ್ಯುಲೆನ್ಸ್ ಬಂದಾಗ ಅಡ್ಡ ಇಟ್ಟ ಕಾರಿನವನನ್ನು ದಡದಲ್ಲಿ ಹುಡುಕಿ ಕರೆದುಕೊಂಡು ಬರಬೇಕಾಯಿತು. ಅದನ್ನು ನಾವು ಮರೆತಿಲ್ಲ. ಡ್ರೈವರ್ ಇರುವ ಕಾರು ಆದರೆ ಆ ತೊಂದರೆ ಇಲ್ಲ, ಅವರು ಕಾರಿನಲ್ಲೇ ಇರ್ತಾರೆ. ಹಾಗಾಗಿ ನೀವು ಡ್ರೈವರ್ ಜೊತೆ ಬರುದು ನಮಗೂ ಒಳ್ಳೆಯದು.

ನಿಮ್ಮ ಅತ್ತೆಗೆ ತೋರಿಸಬೇಕಾದ್ದು ಕೈರಂಪಣಿ, ಅಂದರೆ ದಡದಲ್ಲಿ ನಿಂತು ಕೈಯಲ್ಲೇ ಬಲೆ ಎಳೆದು ಮೀನು ಹಿಡಿಯುದು. ಅದೃಷ್ಟ ಇದ್ದರೆ ಸಿಗ್ತದೆ. ದೋಣಿಯಲ್ಲಿ ಬಲೆ ಕೊಂಡು ಹೋಗಿ ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಬಿಡ್ತಾರೆ. ಎರಡೂ ಬದಿಯ ಹಗ್ಗ ದಡದಲ್ಲಿ. ಎರಡು ಸಾಲು ಜನ, ಹೆಂಗಸರು ಗಂಡಸರು ಎಲ್ಲ, ಹಗ್ಗ ಸೊಂಟಕ್ಕೆ ತಾಗಿಸಿ ಹಿಂದೆ ಹಿಂದೆ ನಡೀತಾ ಎಳೀತಾರೆ. ಹಿಂದಿನ ತುದಿಗೆ ಮುಟ್ಟಿದವರು ಹಗ್ಗ ಬಿಟ್ಟು ಓಡಿ ಬಂದು ನೀರಿನ ಹತ್ತಿರ ಮತ್ತೆ ಹಿಡೀತಾರೆ. ಬಲೆ ಹತ್ತಿರ ಬಂದ ಹಾಗೆ ಎರಡೂ ಸಾಲು ಕೂಡಿಕೊಳ್ತದೆ, ಮೇಲೆ ಹದ್ದು, ಕಾಗೆ ಸುತ್ತುತ್ತವೆ. ಒಂದೊಂದು ಸಲ ಬಲೆ ತುಂಬ ಬೂತಾಯಿ ಮೀನು, ಒಂದೊಂದು ಸಲ ಬರೀ ಕಸ. ಬಿದ್ದ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು ಉಂಟು. ನೋಡ್ಲಿಕ್ಕೆ ಬಂದವರು ಒಂದು ಕೈ ಕೊಟ್ಟರೆ ಯಾರೂ ಬೇಡ ಅನ್ನುದಿಲ್ಲ. ಆದರೆ ಹಗ್ಗದ ನಡುವೆ ನಿಂತು ಸೆಲ್ಫಿ ಬೇಡ, ಎಳೆತಕ್ಕೆ ಹಗ್ಗ ಕಾಲಿಗೆ ಸಿಕ್ಕಿದರೆ ಚರ್ಮ ಕಿತ್ತು ಬರ್ತದೆ.

ಗುಳ್ಳದ ಗದ್ದೆ

ಹಾವೇರಿ ಕಡೆಯವರು ಅಂದ ಕೂಡಲೇ ಬರೆಯುವ ಮನಸ್ಸಾಯಿತು. ನಿಮ್ಮ ಕಡೆಯ ಬ್ಯಾಡಗಿ ಮೆಣಸು ನಮ್ಮ ಮನೆಯ ಪ್ರತಿ ಮಸಾಲೆಯಲ್ಲೂ ಉಂಟು. ನಮ್ಮದು ಮಟ್ಟು, ಪಡುಕೆರೆಯಿಂದ ದಕ್ಷಿಣಕ್ಕೆ ಅದೇ ರಸ್ತೆಯಲ್ಲಿ ಬಂದರೆ ಸಿಗ್ತದೆ. ಮಟ್ಟು ಗುಳ್ಳ ಕೇಳಿರಬಹುದು, ನಮ್ಮ ಊರಿನ ಬದನೆ, ನಿಮ್ಮ ಮೆಣಸಿನ ಹಾಗೆಯೇ ಇದಕ್ಕೂ ಭೌಗೋಳಿಕ ಗುರುತು ಸಿಕ್ಕಿದೆ. ಸೋದೆ ಮಠದ ಸ್ವಾಮಿಗಳಾಗಿದ್ದ ವಾದಿರಾಜರು ಬೀಜ ಕೊಟ್ಟರು ಅಂತ ನಮ್ಮ ಹಿರಿಯರು ಹೇಳುದು. ಕೃಷ್ಣ ಮಠದ ಅಡುಗೆಗೆ ಇಂದಿಗೂ ಹೋಗ್ತದೆ.

ಮಳೆಗಾಲದ ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಗುಳ್ಳ. ಡಿಸೆಂಬರಿನಲ್ಲಿ ಕಾಯಿ ಶುರುವಾಗಿರ್ತದೆ. ತಿಳಿಹಸಿರು, ಮೇಲೆ ಬಿಳಿ ಗೀರು, ತೊಟ್ಟಿನ ಹತ್ತಿರ ಸಣ್ಣ ಮುಳ್ಳು. ಹೋಳು ಬೆಂದರೆ ಕರಗುವಷ್ಟು ಮೆತ್ತಗೆ, ಸಿಪ್ಪೆ ಹಾಗೇ ನಿಲ್ತದೆ. ಒಕ್ಕಲುತನದ ಮನೆಯವರಾದರೆ ಅಪ್ಪನಿಗೂ ಅಮ್ಮನಿಗೂ ಲೈಟ್‌ಹೌಸಿಗಿಂತ ಇದೇ ಹಿಡಿಸಬಹುದು. ಗದ್ದೆಯಲ್ಲಿ ಯಾರಾದರೂ ಇದ್ದರೆ ಕೇಳಿ ಒಳಗೆ ಬನ್ನಿ, ಬೇಡ ಅನ್ನುವವರು ಇಲ್ಲಿ ಇಲ್ಲ.

ಹಾವೇರಿಯಿಂದ ಮಣಿಪಾಲಕ್ಕೆ

ಇದನ್ನು ಫೋನಿನಲ್ಲಿ ಓದಿ ಹೇಳಿದೆ. ಅಪ್ಪನ ಮೊದಲ ಪ್ರಶ್ನೆ: ಸಮುದ್ರ ಅಷ್ಟು ಹತ್ತಿರ ಇದ್ರ ಉಪ್ಪುನೀರು ಹೊಲಕ್ಕ ನುಗ್ಗೂದಿಲ್ಲೇನು? ಅತ್ತೆಯ ಪ್ರಶ್ನೆ: ಅಲ್ಲಿ ಜನ ಕುಡಿಯೂ ನೀರು ಎಲ್ಲಿಂದ ತರ್ತಾರ?

ಗುಳ್ಳದ ಗದ್ದೆ

ಅಪ್ಪನಿಗೆ ನಮಸ್ಕಾರ ಹೇಳಿ, ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ನುಗ್ತದೆ. ಉಬ್ಬರದ ಹೊತ್ತಿಗೆ ಉಪ್ಪುನೀರು ಹೊಳೆಯಲ್ಲಿ ಮೇಲಕ್ಕೆ ಬರ್ತದೆ. ಅದನ್ನು ತಡೆಯಲಿಕ್ಕೆ ಕಿಂಡಿ ಅಣೆಕಟ್ಟು. ಮಳೆ ನಿಂತ ಮೇಲೆ ಹಲಗೆ ಹಾಕಿ, ನಡುವೆ ಮಣ್ಣು ತುಂಬಿ ಮುಚ್ಚುದು. ಹಲಗೆ ಹಾಕುದು ತಡವಾದರೆ ಆ ವರ್ಷ ಗಿಡದ ಎಲೆ ಸುಟ್ಟ ಹಾಗೆ ಆಗ್ತದೆ. ನಮ್ಮ ಇಡೀ ಬೆಳೆ ಆ ಹಲಗೆಯ ಮೇಲೆ ನಿಂತಿದೆ.

ಪಡುಕೆರೆ ಮನೆ

ಅತ್ತೆಗೆ ನಾನು ಹೇಳ್ತೇನೆ. ಬಾವಿ ಉಂಟು, ಮರಳಲ್ಲಿ ಸ್ವಲ್ಪ ಅಗೆದರೆ ಸಿಹಿನೀರು. ಮಳೆಯ ನೀರು ಮರಳಿನೊಳಗೆ ಇಳಿದು, ಹಗುರ ಇರುದರಿಂದ ಕೆಳಗಿನ ಉಪ್ಪುನೀರಿನ ಮೇಲೆ ತೇಲಿಕೊಂಡಿರ್ತದೆ. ಆಳ ಮಾಡಿದರೆ, ಪಂಪು ಹಾಕಿ ಜಾಸ್ತಿ ಎಳೆದರೆ ಉಪ್ಪು ಮೇಲೆ ಬರ್ತದೆ. ಏಪ್ರಿಲ್, ಮೇಯಲ್ಲಿ ಕೆಲವು ಬಾವಿಯ ನೀರು ಉಪ್ಪಾಗ್ತದೆ, ಆಗ ನಳ್ಳಿ ನೀರೇ ಗತಿ. ಮಳೆಗಾಲದಲ್ಲಿ ಬೇರೆ ಚಿಂತೆ. ಕಡಲ್ಕೊರೆತ ಶುರುವಾದರೆ ರಾತ್ರಿ ತೆಂಗಿನ ಮರ ಬೀಳುವ ಸದ್ದು ಕೇಳ್ತದೆ. ದಡದುದ್ದ ಹಾಕಿದ ದೊಡ್ಡ ಕಲ್ಲುಗಳನ್ನು ನೋಡಿದರೆ ಗೊತ್ತಾಗ್ತದೆ ನಿಮಗೆ.

ಕುಡ್ಲದ ಅಕ್ಕ

ಇಂಥದ್ದೇ ಒಂದು ನಮ್ಮ ಮಂಗಳೂರಿನಲ್ಲೂ ಉಂಟು, ಮರುದಿನ ಬಿಡುವಿದ್ದರೆ ನೋಡಿ. ತಣ್ಣೀರುಬಾವಿಯಿಂದ ಬೆಂಗ್ರೆಯವರೆಗೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಫಲ್ಗುಣಿ. ಸುಲ್ತಾನ್ ಬತ್ತೇರಿಯಲ್ಲಿ, 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಬುರುಜಿನ ಪಕ್ಕದಿಂದ ದೋಣಿ ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಆಚೆ ದಡ. ಕಾರು ಮಾತ್ರ ಕೂಳೂರು, ಪಣಂಬೂರು ಸುತ್ತಿ ಬರಬೇಕು. ಪೇಟೆಯಲ್ಲಿ ಕದ್ರಿ ದೇವಸ್ಥಾನದ ಲೋಕೇಶ್ವರನ ಕಂಚಿನ ಮೂರ್ತಿ ತಪ್ಪಿಸಬೇಡಿ, ಪೀಠದ ಶಾಸನ ಕ್ರಿ.ಶ. 968ರದ್ದು. ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಕಲಾವಿದ ಮೊಸ್ಕೇನಿ ಗೋಡೆ, ಚಾವಣಿ ಎಲ್ಲ ತುಂಬ ಬಿಡಿಸಿದ ಚಿತ್ರಗಳು. ಅಮ್ಮನಿಗೆ ಅಲ್ಲಿ ಬೆಂಚಿನ ಮೇಲೆ ಕೂತೇ ನೋಡಬಹುದು.

ಬ್ರಹ್ಮಾವರದವ

ಮರವಂತೆ ಬಿಟ್ಟದ್ದಕ್ಕೆ ನನಗೆ ಇನ್ನೂ ಬೇಸರ ಉಂಟು, ಆದರೆ ಅಪ್ಪನ ಪ್ರಶ್ನೆ ಕೇಳಿದ ಮೇಲೆ ಮಟ್ಟುವೇ ಸರಿ ಅಂತ ಕಾಣ್ತದೆ. ಮಠಕ್ಕೆ ಬೆಳಿಗ್ಗೆಯೇ ಹೋಗಿ. ರಥಬೀದಿಗೆ ಕಾರು ಬಿಡುದಿಲ್ಲ, ರಾಜಾಂಗಣದ ಕಡೆ ಪಾರ್ಕಿಂಗಿಗೆ ಹಾಕಿದರೆ ಅಮ್ಮನಿಗೆ ನಡೆಯುದು ಕಡಿಮೆ. ದರ್ಶನ ಒಂಬತ್ತು ತೂತಿನ ಕಿಂಡಿಯಿಂದ. ಅಪ್ಪ ಅಂಗಿ ತೆಗೆಯಬೇಕಾಗ್ತದೆ, ಮೊದಲೇ ಹೇಳಿಡಿ. ಹೊರಗೆ ಕನಕನ ಕಿಂಡಿ. ಬಾಡದ ಕನಕದಾಸರು ನಿಮ್ಮ ಜಿಲ್ಲೆಯವರೇ ಅಲ್ಲವಾ, ಅಲ್ಲಿ ಅವರನ್ನು ಅವಸರ ಮಾಡಬೇಡಿ.

ಕಡಲ ಬದಿ ಡ್ರೈವರ್

ಕಾಪುವಿನ ಬಗ್ಗೆ: ಲೈಟ್‌ಹೌಸ್ 1901ರದ್ದು, ಬಂಡೆಯ ಮೇಲೆ ಉಂಟು. ಒಳಗೆ ಸುರುಳಿ ಮೆಟ್ಟಿಲು, ಬಂಡೆಗೆ ಹತ್ತಲಿಕ್ಕೂ ಕಡಿದಾದ ಮೆಟ್ಟಿಲು. ಅಮ್ಮ ಕೆಳಗೆ ಮರಳಲ್ಲೇ ಕೂರಲಿ. ಮೇಲೆ ಬಿಡುದು ಸಂಜೆ ಸ್ವಲ್ಪ ಹೊತ್ತು ಮಾತ್ರ. ಡಿಸೆಂಬರಿನಲ್ಲಿ ಸೂರ್ಯ 6 ಗಂಟೆ ಸುಮಾರಿಗೆ ಮುಳುಗ್ತದೆ, ಹಾಗಾಗಿ ಪಡುಕೆರೆಗೆ ಮೂರೂವರೆ ಒಳಗೆ ಬಂದಿರಿ. ಮಧ್ಯಾಹ್ನ ಊಟ ಆದ ಮೇಲೆ ಮನೆಗೆ ಹೋಗಿ ಒಂದು ಗಂಟೆ ಮಲಗಿ ಬನ್ನಿ. ಮಣಿಪಾಲ ಹತ್ತಿರವೇ ಅಲ್ವಾ, ಕಾರು ನಿಮ್ಮದೇ ಅಲ್ವಾ. ಈ ಒಂದು ಗಂಟೆ ಯಾವ ಪ್ಯಾಕೇಜಿನಲ್ಲೂ ಬರೆದಿರುದಿಲ್ಲ.

ಹಾವೇರಿಯಿಂದ ಮಣಿಪಾಲಕ್ಕೆ

ಹೋಗಿ ಬಂದ್ವಿ. ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗ್ತಿಲ್ಲ.

ಅಪ್ಪ ದ್ವೀಪದಲ್ಲಿ ಕಂಬದ ಮುಖ ಎಣಿಸೋದರಲ್ಲಿ ದೋಣಿಯ ಹೊತ್ತು ಮರೆತರು. ಅವ್ವ, ಅತ್ತೆ ಸೀ ವಾಕ್‌ನಲ್ಲಿ ಮಲ್ಪೆಯ ಮೀನು ಮಾರುವ ಒಬ್ಬರು ಅಮ್ಮನ ಜೊತೆ ಮಾತಿಗೆ ಕೂತಿದ್ದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ಅರ್ಥವಾಗಿದ್ದರೂ ಮಕ್ಕಳ ಮದುವೆ ತನಕ ಮಾತು ಹೋಗಿತ್ತು. ಪಡುಕೆರೆಯಲ್ಲಿ ಕೈರಂಪಣಿ ಸಿಗಲಿಲ್ಲ, ಬಲೆ ಒಣಗಿಸಿ ಹೊಲೀತಾ ಇದ್ದರು. ಅತ್ತೆ ಅಲ್ಲೇ ಒಂದು ಮನೆಯ ಬಾವಿಯ ನೀರು ಕೇಳಿ ಕುಡಿದು, ಹೌದು ಸಿಹಿ ಇದೆ ಅಂತ ನಮಗೆಲ್ಲ ಕುಡಿಸಿದರು. ಮಟ್ಟುವಿನಲ್ಲಿ ಎಷ್ಟು ಹೊತ್ತು ನಿಂತೆವು ಅಂದರೆ ಕಾಪು ಮುಟ್ಟುವಾಗ ಮೇಲೆ ಹತ್ತೋ ಹೊತ್ತು ಮುಗಿದಿತ್ತು. ಯಾರಿಗೂ ಬೇಜಾರಾಗಲಿಲ್ಲ. ಅಪ್ಪ ಗುಳ್ಳದ ಬೀಜ ಕೇಳಿದರು. ಕೊಟ್ಟರು, ಆದರೆ ನಿಮ್ಮ ಮಣ್ಣಿನಲ್ಲಿ ಈ ರುಚಿ ಬರಲಿಕ್ಕಿಲ್ಲ ಅಂದರು. ಅಪ್ಪ ಹಾಕಿ ನೋಡ್ತಾರಂತೆ.

ಮೈಸೂರು ಕಡೆಯವಳು

ಇಡೀ ಚರ್ಚೆ ಓದಿದೆ, ತುಂಬ ಉಪಯೋಗವಾಯ್ತು. ನಾವು 12 ಜನ, ಟೆಂಪೋ ಟ್ರಾವೆಲರ್‌ನಲ್ಲಿ ಜನವರಿಗೆ ಬರ್ತಿದ್ದೀವಿ. ಅದೇ ಪಡುಕೆರೆ ರಸ್ತೆಯಲ್ಲಿ ಹೋಗಬಹುದಾ?

ಪಡುಕೆರೆ ಮನೆ

ಹೋಗ್ತದೆ ಅಕ್ಕ, ಬಸ್ಸೇ ಹೋಗ್ತದಲ್ಲ. ಆದರೆ ಶನಿವಾರ, ಭಾನುವಾರ ಸಂಜೆ ಬೇಡ, ನಿಲ್ಲಿಸ್ಲಿಕ್ಕೆ ಜಾಗ ಸಿಗುದಿಲ್ಲ. ವಾರದ ನಡುವೆ ಬೆಳಿಗ್ಗೆ ಬನ್ನಿ. ಗಾಡಿಯನ್ನು ಮಲ್ಪೆ ಬದಿಯಲ್ಲಿ ನಿಲ್ಲಿಸಿ, ನಡೆಯುವವರು ಸೇತುವೆ ದಾಟಿ ನಡ್ಕೊಂಡೇ ಬಂದರೂ ಆಗ್ತದೆ. ಹಿರಿಯರಿದ್ದರೆ ಅಲ್ಲಿಂದ ಒಂದು ರಿಕ್ಷಾ ಮಾಡಿ. ತಂದ ಪ್ಲಾಸ್ಟಿಕ್ಕನ್ನು ಗಾಡಿಯಲ್ಲೇ ವಾಪಸು ಕೊಂಡು ಹೋಗಿ. ಕೈರಂಪಣಿ ಎಳೆಯುದಿದ್ದರೆ ಬೆಳಿಗ್ಗೆಯ ಹೊತ್ತಿಗೇ ಸಿಗುವ ಸಂಭವ ಜಾಸ್ತಿ.